ಹೊಕ್ಕುಳು ಯಾವ ಕಡೆ ಸರಿಯಿತು? ಬೀವರ್ಸ್ ಸೈನ್ ನೋಡುವ ಬಗೆ

ಕಾಲಿನಲ್ಲಿ ಬಲ ಇಲ್ಲ, ನಡೆಯುವಾಗ ತಡವರಿಸುತ್ತಿದ್ದಾರೆ ಅಂತ ಯಾರಾದರೂ ಬಂದರೆ ನಮ್ಮಲ್ಲಿ ಮೊದಲು ಬರೆದುಕೊಡುವುದು ಸೊಂಟದ ಎಂಆರ್‌ಐ. ಚೀಟಿಯಲ್ಲಿ ಎಲ್‌ಎಸ್ ಸ್ಪೈನ್, ಅಂದರೆ ಸೊಂಟದ ಬೆನ್ನುಮೂಳೆ, ಅಂತ ಇರುತ್ತದೆ. ರಿಪೋರ್ಟಿನಲ್ಲಿ ಎಲ್4–ಎಲ್5 ಡಿಸ್ಕ್ (ಸೊಂಟದ ನಾಲ್ಕು ಮತ್ತು ಐದನೇ ಮೂಳೆಗಳ ನಡುವಿನ ಮೆತ್ತೆ) ಸ್ವಲ್ಪ ಉಬ್ಬಿದೆ ಅಂತ ಬರುತ್ತದೆ. ನಡುವಯಸ್ಸು ದಾಟಿದ ಎಷ್ಟೋ ಜನರಲ್ಲಿ, ಯಾವ ತೊಂದರೆಯೂ ಇಲ್ಲದವರಲ್ಲೂ, ಅದು ಕಾಣುತ್ತದೆ. ಆದರೂ ಅದನ್ನೇ ಕಾರಣ ಅಂದುಕೊಂಡು ಬೆಲ್ಟು, ಮಾತ್ರೆ, ಟ್ರಾಕ್ಷನ್ ಶುರುವಾಗುತ್ತದೆ, ವಾರಗಳು ಹೋಗುತ್ತವೆ, ಕಾಲು ಇನ್ನೂ ಸೋಲುತ್ತದೆ. ಕೆಲವರಲ್ಲಿ ತೊಂದರೆ ಸೊಂಟದಲ್ಲಿ ಇರುವುದೇ ಇಲ್ಲ. ಅದು ಎದೆಯ ಹಿಂಭಾಗದಲ್ಲಿ, ಭುಜದ ಮೂಳೆಯ ಕೆಳತುದಿಯ ಮಟ್ಟದಲ್ಲಿ ಇರುತ್ತದೆ. ಸೊಂಟದ ಸ್ಕ್ಯಾನ್ ಆ ಜಾಗವನ್ನು ತೆಗೆದೇ ಇರುವುದಿಲ್ಲ.

ಅದನ್ನು ಹೇಳಬಲ್ಲ ಒಂದು ಪರೀಕ್ಷೆ ಇದೆ. ಒಂದು ರೂಪಾಯಿ ಖರ್ಚಿಲ್ಲ, ಒಂದೆರಡು ನಿಮಿಷದ ಕೆಲಸ. ಮಲಗಿದವರಿಗೆ ತಲೆ ಎತ್ತಲು ಹೇಳಿ, ಹೊಕ್ಕುಳು ಯಾವ ಕಡೆ ಸರಿಯುತ್ತದೆ ಅಂತ ನೋಡುವುದು. ಇದಕ್ಕೆ ಬೀವರ್ಸ್ ಸೈನ್ ಅನ್ನುತ್ತಾರೆ. ಚಾರ್ಲ್ಸ್ ಎಡ್ವರ್ಡ್ ಬೀವರ್ (1854–1908) ಲಂಡನ್ನಿನ ಕ್ವೀನ್ ಸ್ಕ್ವೇರ್ ನರರೋಗ ಆಸ್ಪತ್ರೆಯ ವೈದ್ಯರು. 1903ರಲ್ಲಿ ಅಲ್ಲಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿ ಸ್ನಾಯುಗಳ ಚಲನೆಯ ಬಗ್ಗೆ ಅವರು ಉಪನ್ಯಾಸಗಳನ್ನು ಕೊಟ್ಟರು, ಈ ಗುರುತು ಅದರಲ್ಲಿ ಬರುತ್ತದೆ. ಆಗ ಎಕ್ಸ್‌ರೇ ಬಂದು ಹತ್ತು ವರ್ಷ ಕೂಡ ಆಗಿರಲಿಲ್ಲ. ಬೆನ್ನುಹುರಿಯನ್ನು ತೋರಿಸುವ ಯಂತ್ರ ಯಾವುದೂ ಇರಲಿಲ್ಲ. ಹುರಿಯಲ್ಲಿ ಎಲ್ಲಿ ಕೆಟ್ಟಿದೆ ಅಂತ ಕಣ್ಣು, ಕೈ, ಒಂದು ಸೂಜಿ, ಒಂದು ಸುತ್ತಿಗೆ ಇಟ್ಟುಕೊಂಡು ಕಂಡುಹಿಡಿಯಬೇಕಿತ್ತು. ಇವತ್ತು ತಾಲ್ಲೂಕು ಆಸ್ಪತ್ರೆಯಲ್ಲಿ, ಸಣ್ಣ ಕ್ಲಿನಿಕ್‌ನಲ್ಲಿ ಕೆಲಸ ಮಾಡುವವರ ಪಾಡು ಬಹಳ ಸಲ ಅದೇ ಅಲ್ವಾ?

ಫಿಸಿಯೋಥೆರಪಿ ಓದುತ್ತಿರುವವರು, ನರ್ಸ್‌ಗಳು, ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದ ವೈದ್ಯರು, ಇವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯವರೂ ಓದಲಿ. ಆದರೆ ಮನೆಯಲ್ಲಿ ನೋಡಿ ಕಾಯಿಲೆಯ ಹೆಸರು ತೀರ್ಮಾನಿಸಬೇಡಿ. ಕಂಡದ್ದನ್ನು ವೈದ್ಯರಿಗೆ ಹೇಳಿ, ಅಷ್ಟು ಮಾಡಿದರೂ ದೊಡ್ಡ ಉಪಕಾರ.

ಹೊಕ್ಕುಳು ಯಾಕೆ ಸರಿಯುತ್ತದೆ

ಹೊಟ್ಟೆಯ ಮುಂಭಾಗದಲ್ಲಿ ಮೇಲಿಂದ ಕೆಳಕ್ಕೆ ಎರಡು ಉದ್ದನೆಯ ಸ್ನಾಯುಪಟ್ಟಿಗಳಿವೆ. ರೆಕ್ಟಸ್ ಅಬ್ಡಾಮಿನಿಸ್ ಅಂತ ಹೆಸರು. ಜಿಮ್ ಹುಡುಗರು ಸಿಕ್ಸ್ ಪ್ಯಾಕ್ ಅಂತ ತೋರಿಸುವುದು ಇದನ್ನೇ. ಮೇಲೆ ಪಕ್ಕೆಲುಬು ಮತ್ತು ಎದೆಮೂಳೆಯ ತುದಿಗೆ ಅಂಟಿಕೊಂಡಿವೆ, ಕೆಳಗೆ ಜನನಾಂಗದ ಮೇಲಿನ ಮೂಳೆಗೆ. ಹೊಕ್ಕುಳು ಇವೆರಡರ ನಡುವಿನ ಗಟ್ಟಿ ಪಟ್ಟಿಯಲ್ಲಿ ಕೂತಿದೆ.

ಈ ಸ್ನಾಯುವಿನ ವಿಶೇಷ ಏನೆಂದರೆ ಇಡೀ ಉದ್ದಕ್ಕೆ ಒಂದೇ ನರ ಬರುವುದಿಲ್ಲ. ಎದೆಯ ಮಟ್ಟದ ಬೆನ್ನುಹುರಿಯಿಂದ ಹೊರಡುವ ನರಗಳು ಒಂದರ ಕೆಳಗೊಂದು ಪಕ್ಕೆಗಳನ್ನು ಸುತ್ತಿಕೊಂಡು ಮುಂದೆ ಬರುತ್ತವೆ. ನಮ್ಮ ಆಸ್ಪತ್ರೆಗಳಲ್ಲಿ ಇವನ್ನು ಡಿ7, ಡಿ8 ಅಂತ ಕರೆಯುತ್ತೇವೆ, ಪುಸ್ತಕಗಳಲ್ಲಿ ಟಿ7, ಟಿ8 ಅಂತ ಇದ್ದರೂ ಅದೇ. ಹೊಕ್ಕುಳಿಗಿಂತ ಮೇಲಿನ ಭಾಗಕ್ಕೆ ಹೆಚ್ಚಾಗಿ ಡಿ7ರಿಂದ ಡಿ9, ಹೊಕ್ಕುಳ ಮಟ್ಟಕ್ಕೆ ಡಿ10, ಅದಕ್ಕಿಂತ ಕೆಳಗೆ ಡಿ11 ಮತ್ತು ಡಿ12.

ತಲೆ ಎತ್ತಿದಾಗ ಮೇಲಿನ ಅರ್ಧ ಹೊಕ್ಕುಳನ್ನು ಎದೆಯ ಕಡೆಗೆ ಎಳೆಯುತ್ತದೆ, ಕೆಳಗಿನ ಅರ್ಧ ತೊಡೆಯ ಕಡೆಗೆ ಎಳೆಯುತ್ತದೆ. ಹಗ್ಗಜಗ್ಗಾಟದಲ್ಲಿ ಹಗ್ಗದ ನಡುವೆ ಕಟ್ಟಿದ ಬಟ್ಟೆಯ ಗುರುತು ಇರುತ್ತದಲ್ಲ, ಹೊಕ್ಕುಳು ಅದು. ಎರಡೂ ಕಡೆ ಸಮ ಬಲ ಇದ್ದರೆ ಗುರುತು ಅಲ್ಲೇ ನಿಲ್ಲುತ್ತದೆ, ಒಂದು ಕಡೆ ಸೋತರೆ ಗೆದ್ದವರ ಕಡೆಗೆ ಹೋಗುತ್ತದೆ. ಡಿ10ರ ಹತ್ತಿರ ಬೆನ್ನುಹುರಿಗೆ ಪೆಟ್ಟಾದರೆ ಕೆಳಗಿನ ಅರ್ಧ ಸೋಲುತ್ತದೆ. ಹೊಕ್ಕುಳು ಮೇಲಕ್ಕೆ, ತಲೆಯ ಕಡೆಗೆ ಸರಿಯುತ್ತದೆ. ಅದೇ ಬೀವರ್ಸ್ ಸೈನ್.

ಯಾರಿಗೆ ಮಾಡಬಾರದು

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮರದಿಂದ ಬಿದ್ದವರು, ಬೈಕ್ ಅಪಘಾತ ಆದವರು, ಮಹಡಿಯಿಂದ ಜಾರಿದವರು, ಬೆನ್ನುಮೂಳೆಗೆ ಏಟಾಗಿರುವ ಸಣ್ಣ ಅನುಮಾನ ಇದ್ದರೂ ಇವರಿಗೆ ತಲೆ ಎತ್ತಲು ಹೇಳಲೇಬಾರದು. ಕೂರಿಸಬಾರದು, ಎಬ್ಬಿಸಬಾರದು, ಕುತ್ತಿಗೆ ಅಲ್ಲಾಡಿಸಬಾರದು. 108ಕ್ಕೆ ಕರೆ ಮಾಡಿ, ಗಟ್ಟಿ ಹಲಗೆಯ ಮೇಲೆ ಸಾಗಿಸುವುದು ಮಾತ್ರ. ಅಡಿಕೆ ಮತ್ತು ತೆಂಗಿನ ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಜೀಪಿನ ಹಿಂದೆ ಮಲಗಿಸಿಕೊಂಡು ಬರುವುದು ಇನ್ನೂ ನಡೆಯುತ್ತಿದೆ. ಹಾಗೆ ಎತ್ತುವಾಗಲೇ ಅರ್ಧ ಉಳಿದಿದ್ದ ಹುರಿ ಪೂರ್ತಿ ಹೋಗಬಹುದು.

ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆದವರಿಗೂ, ತುಂಬು ಗರ್ಭಿಣಿಯರಿಗೂ, ಕುತ್ತಿಗೆ ಮೂಳೆಯ ತೊಂದರೆ ಇರುವವರಿಗೂ ಬೇಡ. ಹೊಟ್ಟೆ ತುಂಬಾ ನೋಯುತ್ತಿದ್ದರೆ ಆ ನೋವಿನ ಕಾರಣವನ್ನು ಮೊದಲು ನೋಡಬೇಕು.

ಮಾಡುವ ಬಗೆ

ಮೊದಲು ಕೇಳಿ. ಹೊಟ್ಟೆ ನೋಡಬೇಕು, ಬಟ್ಟೆ ಸ್ವಲ್ಪ ಸರಿಸಬೇಕಾಗುತ್ತದೆ, ಯಾಕೆ ಅಂತಲೂ ಹೇಳಿ. ಹೆಣ್ಣುಮಕ್ಕಳನ್ನು ಪರೀಕ್ಷಿಸುವಾಗ ಅವರ ಕಡೆಯ ಒಬ್ಬ ಹೆಂಗಸೋ ನರ್ಸೋ ಪಕ್ಕದಲ್ಲಿರಲಿ. ಪರದೆ ಎಳೆಯಿರಿ. ಸಂಕೋಚದಲ್ಲಿ ಮಲಗಿದವರ ಹೊಟ್ಟೆ ಬಿಗಿಯಾಗಿಯೇ ಇರುತ್ತದೆ, ಆಗ ಕಾಣುವುದೂ ಸರಿಯಾಗಿರುವುದಿಲ್ಲ. ಪಕ್ಕೆಲುಬಿನ ಕೆಳ ಅಂಚಿನಿಂದ ಹೊಕ್ಕುಳಿನ ಕೆಳಗೆ ಒಂದು ಗೇಣಿನಷ್ಟು ಕಂಡರೆ ಸಾಕು. ಸೀರೆ, ಪಂಚೆ, ಪ್ಯಾಂಟಿನ ಗಂಟು ಸಡಿಲ ಮಾಡಲೇಬೇಕು. ಬಿಗಿಯಾದ ಲಾಡಿ ಹೊಕ್ಕುಳನ್ನು ಎಳೆದು ಹಿಡಿದಿರುತ್ತದೆ.

ಸಮತಟ್ಟಾದ, ಕುಸಿಯದ ಹಾಸಿಗೆ ಮೇಲೆ ಅಂಗಾತ ಮಲಗಿಸಿ. ದಿಂಬು ತೆಗೆಯಿರಿ, ಕಾಲು ಚಾಚಿರಲಿ, ಕೈ ಎದೆಯ ಮೇಲೆ ಕಟ್ಟಿರಲಿ. ಕೈ ಪಕ್ಕದಲ್ಲಿ ಬಿಟ್ಟರೆ ಮೊಣಕೈ ಊರಿ ಏಳುತ್ತಾರೆ, ಹೊಟ್ಟೆಯ ಕೆಲಸವನ್ನು ಕೈ ಮಾಡಿಬಿಡುತ್ತದೆ. ಮೊಣಕಾಲು ಮಡಿಸಿದರೆ ತಪ್ಪೇನಿಲ್ಲ, ಆದರೆ ಒಬ್ಬರಿಗೇ ಮತ್ತೆ ಮತ್ತೆ ನೋಡುವಾಗ ಪ್ರತಿ ಸಲ ಒಂದೇ ಭಂಗಿ ಇರಬೇಕು.

ನೀವು ಅವರ ಬಲಗಡೆ ನಿಲ್ಲಿ. ಬರೀ ಮೇಲಿಂದ ನೋಡಬೇಡಿ. ಬಗ್ಗಿ, ನಿಮ್ಮ ಕಣ್ಣು ಅವರ ಹೊಟ್ಟೆಯ ಮಟ್ಟಕ್ಕೆ ಬರುವಂತೆ ಪಕ್ಕದಿಂದಲೂ ಒಮ್ಮೆ ನೋಡಿ. ಸುಮ್ನೆ ಮಲಗಿರುವಾಗ ಹೊಕ್ಕುಳು ಎಲ್ಲಿದೆ, ನಡುವಿನ ಗೆರೆಯಲ್ಲೇ ಇದೆಯೋ ಪಕ್ಕಕ್ಕೆ ಎಳೆದುಕೊಂಡಿದೆಯೋ, ಹಳೆ ಆಪರೇಷನ್ ಗಾಯದ ಗುರುತು ಇದೆಯೋ, ಹರ್ನಿಯಾ ಉಬ್ಬಿದೆಯೋ, ಉಸಿರಾಡುವಾಗ ಹೊಕ್ಕುಳು ಎಷ್ಟು ಅಲ್ಲಾಡುತ್ತದೆ, ಇವೆಲ್ಲ ತಲೆ ಎತ್ತಿಸುವುದಕ್ಕೆ ಮುಂಚೆಯೇ ಮನಸ್ಸಿನಲ್ಲಿ ಇರಬೇಕು, ಇಲ್ಲದಿದ್ದರೆ ಆಮೇಲೆ ಕಂಡದ್ದು ಹೊಸದೋ ಹಳೆಯದೋ ಗೊತ್ತಾಗುವುದಿಲ್ಲ.

ಇನ್ನು ಗುರುತು ಹಾಕುವುದು. ಪೆನ್ನಿನಿಂದ ಹೊಕ್ಕುಳ ಮೇಲಂಚಿನಲ್ಲಿ ಒಂದು ಚುಕ್ಕೆ ಇಡಿ. ಹೊಟ್ಟೆಯ ಪಕ್ಕದಲ್ಲಿ ಹಾಸಿಗೆ ಮೇಲೆ ಒಂದು ಸ್ಕೇಲ್ ಇಡಿ. ಸಾಧ್ಯವಾದರೆ, ಅವರ ಒಪ್ಪಿಗೆ ಪಡೆದು, ಮುಖ ಬಾರದಂತೆ ಹೊಟ್ಟೆಯ ಭಾಗವನ್ನು ಮಾತ್ರ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಫೋನನ್ನು ಹೊಕ್ಕುಳ ನೇರ ಮೇಲೆ ಹಿಡಿಯಬೇಕು, ಓರೆಯಾಗಿ ಹಿಡಿದರೆ ಸರಿಯದಿದ್ದದ್ದೂ ಸರಿದಂತೆ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಪರೀಕ್ಷೆಗೆ ಫೋನಿನ ನಿಧಾನಗತಿಯ ವಿಡಿಯೋದಷ್ಟು ಒಳ್ಳೆಯ ಜೊತೆ ಇನ್ನೊಂದಿಲ್ಲ, ಯಾಕೆಂದರೆ ಸಣ್ಣ ಚಲನೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿ ಹೋಗುತ್ತದೆ.

ಈಗ ಹೇಳಿ: "ಉಸಿರು ನಿಧಾನವಾಗಿ ಹೊರಗೆ ಬಿಡಿ. ಬಿಡುತ್ತಾ ಗಲ್ಲವನ್ನು ಎದೆಯ ಕಡೆಗೆ ತನ್ನಿ. ಹಾಗೇ ತಲೆ, ಹೆಗಲು ಮೇಲಕ್ಕೆ ಎತ್ತಿ. ನಿಮ್ಮ ಕಾಲಿನ ಹೆಬ್ಬೆರಳು ನೋಡಿ." ಭುಜದ ಮೂಳೆ ಹಾಸಿಗೆಯಿಂದ ಬಿಡುವಷ್ಟು ಏಳಲಿ, ಅದಕ್ಕಿಂತ ಜಾಸ್ತಿ ಬೇಡ. ಪೂರ್ತಿ ಎದ್ದು ಕೂತರೆ ತೊಡೆ ಮಡಿಸುವ ಸ್ನಾಯುಗಳು ಮುಂದೆ ಬರುತ್ತವೆ, ಹೊಟ್ಟೆಯದ್ದು ಮಸುಕಾಗುತ್ತದೆ. ಎರಡು ಮೂರು ಸೆಕೆಂಡ್ ಹಿಡಿದು, ನಿಧಾನ ಇಳಿಸಲಿ. ಹೊಕ್ಕುಳನ್ನು ನೋಡುತ್ತಿದ್ದೇವೆ ಅಂತ ಅವರಿಗೆ ಹೇಳಬೇಡಿ. ಹೇಳಿದರೆ ಅವರೂ ತಲೆ ಬಾಗಿಸಿ ಅದನ್ನೇ ನೋಡುತ್ತಾರೆ, ಹೊಟ್ಟೆ ಎಳೆದುಕೊಳ್ಳುತ್ತಾರೆ.

ಸುಲಭವಾಗಿ ಎತ್ತುವವರಿದ್ದರೆ ಹಣೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ, ಅದರ ವಿರುದ್ಧ ಎತ್ತಲು ಹೇಳಿ. ಸಣ್ಣ ದೌರ್ಬಲ್ಯ ಆಗ ಹೊರಗೆ ಬರುತ್ತದೆ. ಎತ್ತಲಾಗದಷ್ಟು ಸುಸ್ತಾದವರಿಗೆ ಬರೀ ಗಲ್ಲ ಎದೆಗೆ ತರಲು ಹೇಳಿ, ಅದೂ ಆಗದಿದ್ದರೆ ಕೆಮ್ಮಲು ಹೇಳಿ. ಕೆಮ್ಮುವಾಗಲೂ ಹೊಟ್ಟೆ ಬಿಗಿಯುತ್ತದೆ.

ಕಣ್ಣಿನ ಜೊತೆ ಕೈಯೂ ಕೆಲಸ ಮಾಡಲಿ. ಎರಡನೇ ಸಲ ಎತ್ತುವಾಗ ಒಂದು ಅಂಗೈಯನ್ನು ಹೊಕ್ಕುಳಿಗಿಂತ ಮೇಲೆ, ಇನ್ನೊಂದನ್ನು ಕೆಳಗೆ ಹಗುರವಾಗಿ ಇಡಿ. ಮೇಲೆ ಗಟ್ಟಿ, ಕೆಳಗೆ ಮೆತ್ತಗೆ ಅನಿಸಿದರೆ ಕಣ್ಣು ಹೇಳಿದ್ದಕ್ಕೆ ಕೈಯ ಸಾಕ್ಷಿಯೂ ಸಿಕ್ಕಿತು. ಹೊಟ್ಟೆ ದಪ್ಪ ಇರುವವರಲ್ಲಿ ಹೊಕ್ಕುಳ ಚಲನೆ ಚರ್ಮದ ಕೆಳಗಿನ ಕೊಬ್ಬಿನಲ್ಲಿ ಮುಚ್ಚಿಹೋಗುತ್ತದೆ, ಅವರಲ್ಲಿ ನಾನು ಕಣ್ಣಿಗಿಂತ ಕೈಯನ್ನೇ ಹೆಚ್ಚು ನಂಬುತ್ತೇನೆ.

ಮೂರು ಸಲ ಮಾಡಿಸಿ. ಮೂರೂ ಸಲ ಒಂದೇ ಕಡೆಗೆ, ಸ್ಪಷ್ಟವಾಗಿ ಸರಿದರೆ ಮಾತ್ರ ಸೈನ್ ಇದೆ ಅಂತ ಬರೆಯಿರಿ. ಒಮ್ಮೆ ಹೌದು, ಒಮ್ಮೆ ಇಲ್ಲ ಅನ್ನುವಂತಿದ್ದರೆ "ಅನುಮಾನ" ಅಂತ ಬರೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ.

ಕಂಡದ್ದನ್ನು ಓದುವುದು

ಹೊಕ್ಕುಳು ಇದ್ದಲ್ಲೇ ಇದ್ದು ಹೊಟ್ಟೆ ಮೇಲೆ ಕೆಳಗೆ ಸಮವಾಗಿ ಬಿಗಿದರೆ ಹೊಟ್ಟೆಯ ಸ್ನಾಯು ಸರಿಯಾಗಿದೆ ಅಂತ ಅರ್ಥ. ಮೇಲಕ್ಕೆ ಹೋದರೆ ಕೆಳ ಹೊಟ್ಟೆಯ ಸ್ನಾಯು ಸೋತಿದೆ. ಕೆಳಕ್ಕೆ ಹೋದರೆ ಮೇಲಿನದ್ದು ಸೋತಿದೆ. ಇದು ಬಲು ಅಪರೂಪ, ತಿರುಗುಮುರುಗು ಬೀವರ್ಸ್ ಸೈನ್ ಅಂತ ಕರೆಯುತ್ತಾರೆ. ಪಕ್ಕಕ್ಕೆ ಹೋದರೆ, ಹೋದ ಕಡೆ ಗಟ್ಟಿ ಇದೆ, ಬಿಟ್ಟುಬಂದ ಕಡೆ ಸೋತಿದೆ.

ಪಕ್ಕಕ್ಕೆ ಹೋಗುವುದರ ಬಗ್ಗೆ ಎರಡು ಮಾತು. ನಮ್ಮಲ್ಲಿ ಸಕ್ಕರೆ ಕಾಯಿಲೆ ಇರುವವರು ಬಹಳ. ಅದರಿಂದ ಎದೆಮಟ್ಟದ ನರಗಳ ಬೇರು ಕೆಟ್ಟಾಗ ಹೊಟ್ಟೆಯ ಒಂದು ಪಕ್ಕದಲ್ಲಿ ಉರಿ, ನೋವು ಬರುತ್ತದೆ, ತೂಕವೂ ಇಳಿಯಬಹುದು, ಆ ಪಕ್ಕ ಉಬ್ಬಿಕೊಂಡು ಹರ್ನಿಯಾ ತರಹ ಕಾಣುತ್ತದೆ. ಎಂಡೋಸ್ಕೋಪಿ, ಹೊಟ್ಟೆ ಸ್ಕ್ಯಾನ್ ಎಲ್ಲ ಮಾಡಿಸಿ ಏನೂ ಸಿಗದೆ ಸುಸ್ತಾಗಿರುತ್ತಾರೆ. ಸರ್ಪಸುತ್ತು ಎದ್ದು ಹೋದ ಮೇಲೂ ಹೀಗೇ ಒಂದು ಪಕ್ಕ ಉಬ್ಬುವುದುಂಟು. ಇಬ್ಬರನ್ನೂ ತಲೆ ಎತ್ತಿಸಿದರೆ ಉಬ್ಬು ಎದ್ದು ಕಾಣುತ್ತದೆ, ಹೊಕ್ಕುಳು ಒಳ್ಳೆಯ ಪಕ್ಕಕ್ಕೆ ಸರಿಯುತ್ತದೆ. ಇವೆರಡೂ ತಿಂಗಳುಗಳ ಮೇಲೆ ಬಹುಪಾಲು ಜನರಲ್ಲಿ ಸುಧಾರಿಸುತ್ತವೆ. ಅದು ಗೊತ್ತಾದರೆ ರೋಗಿಗೆ ಎಷ್ಟು ಸಮಾಧಾನ!

ಇಲ್ಲಿ ಒಂದು ದೊಡ್ಡ ಎಚ್ಚರ. ಹೊಕ್ಕುಳು ಸರಿಯಲಿಲ್ಲ ಅಂದ ಮಾತ್ರಕ್ಕೆ ಬೆನ್ನುಹುರಿ ಚೆನ್ನಾಗಿದೆ ಅಂತಲ್ಲ. ಪೆಟ್ಟು ಡಿ6ಕ್ಕಿಂತ ಮೇಲಿದ್ದರೆ ಹೊಟ್ಟೆ ಪೂರ್ತಿ ಸೋಲುತ್ತದೆ, ಎರಡೂ ಕಡೆ ಎಳೆಯುವವರೇ ಇಲ್ಲ, ಹೊಕ್ಕುಳು ಅಲ್ಲೇ ನಿಲ್ಲುತ್ತದೆ. ಪೆಟ್ಟು ಸೊಂಟದ ಮಟ್ಟದಲ್ಲಿದ್ದರೆ ಹೊಟ್ಟೆಗೆ ಏನೂ ಆಗಿರುವುದಿಲ್ಲ, ಆಗಲೂ ನಿಲ್ಲುತ್ತದೆ. ಸರಿದರೆ ಅದು ತುಂಬಾ ಹೇಳುತ್ತದೆ, ಸರಿಯದಿದ್ದರೆ ಏನೂ ಹೇಳುವುದಿಲ್ಲ.

ಮೋಸ ಮಾಡುವ ಸಂಗತಿಗಳೂ ಇವೆ. ಹೆರಿಗೆಯಾದ ಮೇಲೆ ಎರಡು ಸ್ನಾಯುಪಟ್ಟಿಗಳ ನಡುವೆ ಬಿರುಕು ಉಳಿದಿರುವ ತಾಯಂದಿರಲ್ಲಿ ತಲೆ ಎತ್ತಿದಾಗ ನಡುವೆ ಉದ್ದಕ್ಕೆ ದಿಂಡಿನಂತೆ ಎದ್ದು ನಿಲ್ಲುತ್ತದೆ. ಅದು ಬೇರೆ. ಸಿಸೇರಿಯನ್, ಅಪೆಂಡಿಕ್ಸ್ ಆಪರೇಷನ್ನಿನ ಕಲೆ ಚರ್ಮವನ್ನು ಒಂದು ಕಡೆ ಎಳೆಯಬಹುದು. ಹೊಕ್ಕುಳ ಹರ್ನಿಯಾ ಇದ್ದರೆ ಈ ಪರೀಕ್ಷೆಯನ್ನು ನಂಬಬೇಡಿ.

ಇನ್ನೊಂದು ವಿಷಯ. ನಮ್ಮ ಕಡೆ ಹೊಟ್ಟೆನೋವು, ಭೇದಿ ಆದಾಗ ಬಟ್ಟಿ ಜಾರಿದೆ ಅನ್ನುತ್ತಾರೆ, ಹೊಕ್ಕುಳು ಸರಿದಿದೆ ಅಂತ ಅದನ್ನು ಕೂರಿಸುವವರ ಹತ್ತಿರ ಹೋಗುತ್ತಾರೆ. ನಾವು ಇಲ್ಲಿ ನೋಡುತ್ತಿರುವುದು ಅದಲ್ಲ. ಸುಮ್ಮನೆ ಮಲಗಿದಾಗ ಹೊಕ್ಕುಳು ಎಲ್ಲಿದೆ ಅನ್ನುವುದು ಹೋಲಿಸಿ ನೋಡಲು ಮಾತ್ರ, ಬೆಲೆ ಇರುವುದು ತಲೆ ಎತ್ತಿದಾಗ ಅಲ್ಲಿಂದ ಎತ್ತ ಹೋಯಿತು ಅನ್ನುವುದಕ್ಕೆ. ಕಾಲಿನ ಬಲ ಕಡಿಮೆಯಾದವರ ಹೊಟ್ಟೆಯನ್ನು ಒತ್ತಿಸುವುದು, ಬೆನ್ನು ತುಳಿಸುವುದು, ಸೊಂಟ ಎಳೆಸುವುದು ದಯವಿಟ್ಟು ಮಾಡಿಸಬೇಡಿ. ಮೂಳೆ ಒಳಗೆ ಸವೆದಿದ್ದರೆ ಆ ಒಂದು ತುಳಿತ ಸಾಕು.

ಜೊತೆಗೆ ನೋಡಲೇಬೇಕಾದವು

ಬೀವರ್ಸ್ ಸೈನ್ ಕಂಡ ಕೂಡಲೇ ಎರಡು ದಾರಿ ತೆರೆಯುತ್ತದೆ. ಒಂದು ಬೆನ್ನುಹುರಿಯದ್ದು, ಇನ್ನೊಂದು ಸ್ನಾಯುವಿನದ್ದೇ ಕಾಯಿಲೆ. ಯಾವ ದಾರಿ ಅಂತ ತಿಳಿಯಲು ಅದೇ ಹಾಸಿಗೆ ಮೇಲೆ ಇನ್ನು ಐದು ನಿಮಿಷ ಕೆಲಸ ಇದೆ.

ಚರ್ಮದ ಸ್ಪರ್ಶ ನೋಡಿ. ಹತ್ತಿಯ ಎಳೆ ಅಥವಾ ತಣ್ಣಗಿನ ಚಮಚ ಸಾಕು. ತೊಡೆಯಿಂದ ಶುರು ಮಾಡಿ ಮೇಲಕ್ಕೆ ಬನ್ನಿ, "ಎಲ್ಲಿ ಚೆನ್ನಾಗಿ ಗೊತ್ತಾಗುತ್ತದೆ ಅಲ್ಲಿ ಹೇಳಿ" ಅನ್ನಿ. ಕೆಳಗೆ ಮಂದ ಇದ್ದು ಹೊಕ್ಕುಳ ಹತ್ತಿರ ತಟ್ಟನೆ ಗೊತ್ತಾದರೆ ಡಿ10. ತೊಡೆಸಂದಿಯ ಹತ್ತಿರ ಎಲ್1, ಮೊಲೆತೊಟ್ಟಿನ ಮಟ್ಟ ಡಿ4. ಬೆನ್ನಿನ ಕಡೆಯೂ ಇದನ್ನು ಮಾಡಿ. ಹೊಟ್ಟೆ ಸುತ್ತ ಪಟ್ಟಿ ಬಿಗಿದಂತೆ ಅನಿಸುತ್ತದಾ ಅಂತ ಕೇಳಿ. ಈ ಒಂದು ಪ್ರಶ್ನೆಗೆ ಹೌದು ಅಂದವರನ್ನು ನಾನು ಸುಲಭವಾಗಿ ಮನೆಗೆ ಕಳಿಸುವುದಿಲ್ಲ.

ಹೊಟ್ಟೆಯ ರಿಫ್ಲೆಕ್ಸ್ ನೋಡಿ. ಮೊಂಡು ತುದಿಯ ಕಡ್ಡಿಯಿಂದ ಪಕ್ಕದಿಂದ ಹೊಕ್ಕುಳ ಕಡೆಗೆ ಬೇಗ ಒಂದು ಗೀರು ಎಳೆದರೆ ಆ ಕಡೆಯ ಸ್ನಾಯು ಮಿಡಿದು ಹೊಕ್ಕುಳು ಅತ್ತ ತಿರುಗಬೇಕು. ಮೇಲೆ, ನಡುವೆ, ಕೆಳಗೆ, ಎರಡೂ ಪಕ್ಕ. ಮೇಲೆ ಇದ್ದು ಕೆಳಗೆ ಇಲ್ಲದಿದ್ದರೆ ಅದೂ ಡಿ10ರ ಸುತ್ತಮುತ್ತ ಅಂತಲೇ ಹೇಳುತ್ತದೆ. ವಯಸ್ಸಾದವರಲ್ಲಿ, ದಪ್ಪಗಿರುವವರಲ್ಲಿ, ಹಲವು ಹೆರಿಗೆ ಆದವರಲ್ಲಿ ಇದು ಮೊದಲೇ ಇಲ್ಲದಿರಬಹುದು.

ಮೊಣಕಾಲಿನ ಕೆಳಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ಜೋರಾಗಿ ಹಾರುತ್ತದೆಯೇ? ಅಂಗಾಲನ್ನು ಗೀರಿದಾಗ ಹೆಬ್ಬೆರಳು ಮೇಲಕ್ಕೆ ಏಳುತ್ತದೆಯೇ? ಕಾಲು ಮರದಂತೆ ಬಿಗಿಯಾಗಿದೆಯೇ? ಹೌದು ಅನ್ನುವುದಾದರೆ ಬೆನ್ನುಹುರಿಯ ದಾರಿ ಬಹುತೇಕ ಖಚಿತ. ಹುರಿ ಏಕಾಏಕಿ ಕೆಟ್ಟ ಮೊದಲ ದಿನಗಳಲ್ಲಿ ಮಾತ್ರ ಕಾಲು ಸಡಿಲವಾಗಿ, ರಿಫ್ಲೆಕ್ಸ್ ಇಲ್ಲದೆ ಇರಬಹುದು, ಅದನ್ನು ನೋಡಿ ಮೋಸ ಹೋಗಬೇಡಿ.

ಮೂತ್ರದ ಬಗ್ಗೆ ನೇರವಾಗಿ ಕೇಳಿ. ಜನ ತಾವಾಗಿ ಹೇಳುವುದಿಲ್ಲ. ಕಟ್ಟಿಕೊಳ್ಳುತ್ತದೆಯೇ, ಗೊತ್ತಿಲ್ಲದೆ ಹೋಗುತ್ತದೆಯೇ, ಮಲ ಹೋಗುವುದು ತಿಳಿಯದಂತಾಗಿದೆಯೇ. ಇದರಲ್ಲಿ ಒಂದಕ್ಕೆ ಹೌದು ಅಂದರೂ, ಕಾಲಿನ ಬಲ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೂ, ಅದು ತುರ್ತು. ನಾಳೆ ನೋಡೋಣ ಅನ್ನುವ ಮಾತೇ ಇಲ್ಲ. ಹುರಿಯ ಮೇಲೆ ಒತ್ತಡ ಬಿದ್ದಿದ್ದರೆ ಅದನ್ನು ತೆಗೆಯುವುದಕ್ಕೆ ಮುಂಚೆ ಎಷ್ಟು ಬಲ ಉಳಿದಿತ್ತು ಅನ್ನುವುದರ ಮೇಲೆಯೇ ಮುಂದೆ ನಡೆಯುತ್ತಾರಾ ಇಲ್ಲವಾ ಅನ್ನುವುದು ಬಹುಮಟ್ಟಿಗೆ ನಿಂತಿರುತ್ತದೆ.

ಬೆನ್ನುಹುರಿಯ ದಾರಿ: ಯಾವ ಎಂಆರ್‌ಐ

ಈ ಲೇಖನ ಬರೆಯಲು ಕೂತದ್ದೇ ಇದಕ್ಕೆ. ಬೆನ್ನುಹುರಿ ಬೆನ್ನುಮೂಳೆಯಷ್ಟು ಉದ್ದ ಇಲ್ಲ. ಮಗು ಬೆಳೆಯುವಾಗ ಮೂಳೆ ಮುಂದೆ ಹೋಗಿ, ಹುರಿ ಹಿಂದೆ ಉಳಿಯುತ್ತದೆ. ದೊಡ್ಡವರಲ್ಲಿ ಹುರಿ ಎಲ್1–ಎಲ್2 ಮೂಳೆಯ ಹತ್ತಿರ ಮುಗಿದೇ ಹೋಗುತ್ತದೆ. ಹಾಗಾಗಿ ಡಿ10 ಅನ್ನುವ ಹುರಿಯ ತುಂಡು ಡಿ10 ಮೂಳೆಯ ಎದುರು ಇರುವುದಿಲ್ಲ. ಅದು ಡಿ7–ಡಿ8 ಮೂಳೆಯ ಮಟ್ಟದಲ್ಲಿ ಇರುತ್ತದೆ. ಕೈ ಇಳಿಬಿಟ್ಟು ನಿಂತವರ ಬೆನ್ನಿನಲ್ಲಿ ಭುಜದ ಮೂಳೆಯ ಕೆಳತುದಿ ಮುಟ್ಟಿ ನೋಡಿ, ಹೆಚ್ಚುಕಡಿಮೆ ಅದೇ ಜಾಗ. ಸೊಂಟದ ಎಂಆರ್‌ಐ ಸಾಮಾನ್ಯವಾಗಿ ಡಿ11 ಅಥವಾ ಡಿ12 ಮೂಳೆಯ ಆಸುಪಾಸಿನಿಂದ ಕೆಳಗೆ ತೆಗೆಯುತ್ತದೆ. ಹೊಕ್ಕುಳು ತೋರಿಸಿದ ಜಾಗ ಆ ಚಿತ್ರದ ಹೊರಗೇ ಉಳಿಯುತ್ತದೆ!

ಆದ್ದರಿಂದ ಹೊಕ್ಕುಳು ಮೇಲಕ್ಕೆ ಸರಿದು, ಕಾಲು ಬಿಗಿಯಾಗಿದ್ದರೆ ಚೀಟಿಯಲ್ಲಿ ಡಾರ್ಸಲ್ ಸ್ಪೈನ್ (ಎದೆಮಟ್ಟದ ಬೆನ್ನುಮೂಳೆ) ಅಂತ ಬರೆಯಬೇಕು, ಜೊತೆಗೆ ಇಡೀ ಬೆನ್ನಿನ ಸ್ಕ್ರೀನಿಂಗ್ ಕೇಳಬೇಕು. ರೇಡಿಯಾಲಜಿಯವರಿಗೆ ಒಂದು ಸಾಲು ಬರೆಯಿರಿ: ಎರಡೂ ಕಾಲಿನಲ್ಲಿ ಬಿಗಿತ ಮತ್ತು ಬಲಹೀನತೆ, ಸ್ಪರ್ಶದ ಮಟ್ಟ ಡಿ10, ಬೀವರ್ಸ್ ಸೈನ್ ಇದೆ. ಆ ಒಂದು ಸಾಲಿನಿಂದ ಅವರು ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ.

ಅಲ್ಲಿ ಏನು ಸಿಗಬಹುದು? ನಮ್ಮ ದೇಶದಲ್ಲಿ ಬೆನ್ನುಮೂಳೆಯ ಟಿಬಿಯನ್ನು ಮೊದಲು ನೆನೆಯಲೇಬೇಕು. ಅದು ಎದೆಯ ಕೆಳಭಾಗದ ಮೂಳೆಗಳನ್ನು ಹಿಡಿಯುವುದು ಜಾಸ್ತಿ. ಬೆನ್ನಿನಲ್ಲಿ ಬಿಡದ ನೋವು, ಸಂಜೆ ಜ್ವರ, ತೂಕ ಇಳಿಯುವುದು, ಬೆನ್ನಿನಲ್ಲಿ ಒಂದು ಗಂಟು ಎದ್ದು ಗೂನಾಗುವುದು. ಕೆಲವರಲ್ಲಿ ಜ್ವರವೇ ಇರುವುದಿಲ್ಲ. ಕೆಮ್ಮು ಇಲ್ಲದಿದ್ದರೂ ಇದು ಬರುತ್ತದೆ, ಶ್ವಾಸಕೋಶದ ಎಕ್ಸ್‌ರೇ ಚೆನ್ನಾಗಿದೆ ಅಂತ ಕೈಬಿಡಬಾರದು. ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ಬೆನ್ನುಮೂಳೆಗೆ ಒಂದು ವರ್ಷ ಅಥವಾ ಅದಕ್ಕೂ ಜಾಸ್ತಿ ತೆಗೆದುಕೊಳ್ಳಬೇಕಾಗುತ್ತದೆ. ಬೇಗ ಹಿಡಿದರೆ, ಕಾಲು ಸೋತವರೂ ಎದ್ದು ನಡೆಯುತ್ತಾರೆ.

ಉಳಿದಂತೆ ಗಡ್ಡೆಗಳು, ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದ್ದು, ಹುರಿಯ ಉರಿಯೂತ, ಕೀವು, ಎದೆಮಟ್ಟದ ಡಿಸ್ಕ್. ಇವುಗಳನ್ನು ಬೇರ್ಪಡಿಸುವುದು ಎಂಆರ್‌ಐ ಮತ್ತು ನರರೋಗ ತಜ್ಞರ ಕೆಲಸ.

ಸ್ನಾಯುವಿನ ದಾರಿ

ಸ್ಪರ್ಶ ಎಲ್ಲ ಕಡೆ ಚೆನ್ನಾಗಿದೆ, ಮೂತ್ರದ ತೊಂದರೆ ಇಲ್ಲ, ರಿಫ್ಲೆಕ್ಸ್ ಮಂದ, ತೊಂದರೆ ವರ್ಷಗಳಿಂದ ನಿಧಾನವಾಗಿ ಬಂದಿದೆ. ಆದರೂ ಹೊಕ್ಕುಳು ಮೇಲಕ್ಕೆ ಸರಿಯುತ್ತದೆ. ಆಗ ಮುಖ ಮತ್ತು ಭುಜ ನೋಡಿ. ಎಫ್‌ಎಸ್‌ಎಚ್‌ಡಿ ಅನ್ನುವ, ಮುಖ, ಭುಜ, ಮೇಲ್ತೋಳಿನ ಸ್ನಾಯುಗಳನ್ನು ಹಿಡಿಯುವ ಸ್ನಾಯುಕ್ಷಯದಲ್ಲಿ ಬೀವರ್ಸ್ ಸೈನ್ ತುಂಬಾ ಸಾಮಾನ್ಯ ಅಂತ 1990ರಲ್ಲೇ ವೈದ್ಯರು ಬರೆದರು. ಇವರಿಗೆ ಶಿಳ್ಳೆ ಹಾಕಲು, ಸ್ಟ್ರಾದಿಂದ ಎಳನೀರು ಎಳೆಯಲು ಕಷ್ಟ. ನಿದ್ದೆಯಲ್ಲಿ ಕಣ್ಣು ಅರೆ ತೆರೆದಿರುತ್ತದೆ. ಕೈ ಎತ್ತಿದಾಗ ಭುಜದ ಮೂಳೆ ಹಿಂದೆ ರೆಕ್ಕೆಯಂತೆ ಎದ್ದು ನಿಲ್ಲುತ್ತದೆ, ಅದೂ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ. ಹೊಟ್ಟೆ ಮುಂದೆ ಬಂದು ಸೊಂಟ ಒಳಗೆ ಬಾಗಿರುತ್ತದೆ. ಇದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರಬಹುದಾದದ್ದು, ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ. ಹಾಗಾಗಿ ಅಪ್ಪ ಅಮ್ಮನ ಮುಖವನ್ನೂ ಗಮನಿಸಿ.

ಇನ್ನೊಂದು ಜಿಎನ್‌ಇ ಮಯೋಪತಿ, ಜಿಎನ್‌ಇ ಅನ್ನುವ ಜೀನ್ ಕೆಟ್ಟಾಗ ಬರುವ ಸ್ನಾಯು ಕಾಯಿಲೆ. ಇದರ ಬಗ್ಗೆ ಕರ್ನಾಟಕದವರು ತಿಳಿದಿರಲೇಬೇಕು, ಯಾಕೆಂದರೆ ಈ ಕಾಯಿಲೆಯಲ್ಲಿ ಬೀವರ್ಸ್ ಸೈನ್ ಒಂದು ಒಳ್ಳೆಯ ಸುಳಿವು ಅಂತ 2016ರಲ್ಲಿ ತೋರಿಸಿದವರಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರೇ ಮುಖ್ಯರು. ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ ಪಾದ ಎತ್ತಲಾಗದೆ ಚಪ್ಪಲಿ ಜಾರುವುದು, ಎಡವುವುದು ಶುರುವಾಗುತ್ತದೆ. ಹಿಮ್ಮಡಿ ಮೇಲೆ ನಡೆಯಲು ಆಗುವುದಿಲ್ಲ. ಆದರೆ ತೊಡೆಯ ಮುಂಭಾಗದ ಸ್ನಾಯು ವಿಚಿತ್ರ ಅನ್ನುವಷ್ಟು ಗಟ್ಟಿ ಉಳಿದಿರುತ್ತದೆ. ತಂದೆ ತಾಯಿ ಇಬ್ಬರಿಂದಲೂ ಆ ಜೀನಿನ ಕೆಟ್ಟ ಪ್ರತಿ ಬಂದಾಗ ಮಾತ್ರ ಬರುವ ಕಾಯಿಲೆ ಇದು, ಆದ್ದರಿಂದ ಸೋದರಮಾವ, ಅತ್ತೆ ಮಗ ಅಂತ ಹತ್ತಿರದ ಸಂಬಂಧದಲ್ಲಿ ಮದುವೆಯಾದ ಮನೆತನವೇ ಅಂತ ಕೇಳಿ. ಪಾದ ಸೋತದ್ದು ಕಂಡು ಇವರಿಗೂ ಸೊಂಟದ ಡಿಸ್ಕ್ ಅಂತಲೇ ಹೇಳಿ ಕಳಿಸುವುದುಂಟು. ಹೊಕ್ಕುಳು ಮೇಲಕ್ಕೆ ಹೋಗುವುದನ್ನು ಯಾವ ಎಲ್5 ಡಿಸ್ಕೂ ವಿವರಿಸುವುದಿಲ್ಲ. ಇವರಿಗೆ ರಕ್ತದ ಸಿಕೆ (ಸ್ನಾಯು ಹಾಳಾದಾಗ ರಕ್ತದಲ್ಲಿ ಏರುವ ಕಿಣ್ವ) ಪರೀಕ್ಷೆ ಮಾಡಿಸಿ, ಸ್ನಾಯು ಕಾಯಿಲೆ ನೋಡುವ ಕೇಂದ್ರಕ್ಕೆ ಕಳಿಸಿ. ಸಿಕೆ ಸ್ವಲ್ಪವೇ ಏರಿರಬಹುದು, ಅದರಿಂದ ಸುಮ್ಮನಾಗಬೇಡಿ. ಕೊನೆಯ ಮಾತು ಜೀನ್ ಪರೀಕ್ಷೆಯದ್ದು.

ಬರೆದಿಡುವುದು

"ಬೀವರ್ಸ್ ಪಾಸಿಟಿವ್" ಅಂತ ಎರಡೇ ಪದ ಬರೆದರೆ ಸಾಲದು. ಯಾವ ಕಡೆಗೆ, ಎಷ್ಟು ಸೆಂಟಿಮೀಟರ್, ಮೂರರಲ್ಲಿ ಎಷ್ಟು ಸಲ, ಕಾಲು ಚಾಚಿತ್ತೋ ಮಡಿಸಿತ್ತೋ, ಹಣೆಗೆ ಒತ್ತು ಕೊಟ್ಟಿರೋ ಇಲ್ಲವೋ, ತಾರೀಖು. ಮನೆಯವರಾದರೆ ವಿಡಿಯೋ ಮತ್ತು ಕಾಲಿನ ತೊಂದರೆ ಶುರುವಾದ ದಿನ, ಇವೆರಡನ್ನು ವೈದ್ಯರಿಗೆ ತೋರಿಸಿ. ವಿಡಿಯೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ, ಅದು ಒಬ್ಬರ ದೇಹ.

ಆಪರೇಷನ್ ಅಥವಾ ಔಷಧಿ ಆದ ಮೇಲೆ ಅದೇ ಭಂಗಿಯಲ್ಲಿ, ಅದೇ ಸ್ಕೇಲ್ ಇಟ್ಟು ತಿಂಗಳಿಗೊಮ್ಮೆ ನೋಡಬಹುದು. ಹುರಿ ಚೇತರಿಸಿಕೊಳ್ಳುತ್ತಿದ್ದರೆ ಹೊಕ್ಕುಳ ಸರಿತ ಕಡಿಮೆಯಾಗುತ್ತಾ ಬರಬಹುದು, ಕೆಳಗಿನ ಅಂಗೈಗೆ ಸ್ನಾಯು ಗಟ್ಟಿಯಾಗುವುದು ತಿಳಿಯುತ್ತದೆ. ಸ್ನಾಯುಕ್ಷಯ ಇರುವವರಲ್ಲಿ ಅದು ಹಾಗೇ ಉಳಿಯುತ್ತದೆ. ಅವರಿಗೆ ಹೊಟ್ಟೆ ಗಟ್ಟಿ ಮಾಡಿಸುತ್ತೇವೆ ಅಂತ ದಿನಕ್ಕೆ ನೂರು ಸಿಟ್‌ಅಪ್ ಹೇಳಿಕೊಡಬೇಡಿ, ಸುಸ್ತು ಮತ್ತು ಸೊಂಟನೋವು ಬಿಟ್ಟರೆ ಏನೂ ಸಿಗುವುದಿಲ್ಲ. ನಿಂತು ಕೆಲಸ ಮಾಡುವಾಗ ಹೊಟ್ಟೆಗೆ ಮೆತ್ತನೆಯ ಬೈಂಡರ್ ಕಟ್ಟಿಕೊಂಡರೆ ಬೆನ್ನಿಗೆ ಆಸರೆ ಸಿಗುತ್ತದೆ. ಊಟದ ಹೊತ್ತಿಗೆ ಅದನ್ನು ಸಡಿಲಿಸಿ, ಮಲಗುವಾಗ ಪೂರ್ತಿ ಬಿಚ್ಚಿಡಲು ಹೇಳಿ.